ಮಂಗನ ಕಾಯಿಲೆ ಸೀಸನ್ನಲ್ಲಿ ಬೆಟ್ಟಕ್ಕೆ ಹೋಗೋರಿಗೆ: ವೈರಸ್ ಏನ್ ಮಾಡುತ್ತೆ, ನಾವೇನ್ ಮಾಡ್ಬೇಕು

ಅಡಿಕೆ ಕೊಯ್ಲು ಶುರುವಾಗೋ ಹೊತ್ತಿಗೆ ಪ್ರತಿ ವರ್ಷ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದೇ ಪ್ರಶ್ನೆ ಬರುತ್ತೆ, ಈ ಸಲ ದರಕು (ಒಣ ತರಗೆಲೆ) ತರಕ್ಕೆ ಬೆಟ್ಟಕ್ಕೆ ಹೋಗ್ಬೋದಾ ಬೇಡ್ವಾ ಅಂತ. ಅದಕ್ಕೆ ಒಬ್ರು ಎಣ್ಣೆ ಹಚ್ಕೊಂಡು ಹೋಗಿ ಅಂತಾರೆ, ಇನ್ನೊಬ್ರು ಮಂಗ ಕಂಡ್ರೆ ದೂರ ಓಡಿ ಅಂತಾರೆ, ಮತ್ತೊಬ್ರು ಯಾವ್ದೋ ಕಷಾಯದ ಫಾರ್ವರ್ಡ್ ಹಾಕ್ತಾರೆ. ಯಾಕೆ ಅಂತ ಯಾರೂ ಹೇಳಲ್ಲ. ನಾನು ಡಾಕ್ಟರ್ ಅಲ್ಲ, ಬಯಾಲಜಿ ಓದಿದೋಳು ಅಷ್ಟೆ, ಆದ್ರೆ ಒಂದು ಗ್ಯಾರಂಟಿ ಹೇಳ್ತೀನಿ, ವೈರಸ್ ಯಾವ ದಿನ ಎಲ್ಲಿ ಕೂತಿರುತ್ತೆ ಅನ್ನೋದು ತಲೇಲಿ ಇದ್ರೆ ಏನ್ ಮಾಡ್ಬೇಕು ಏನ್ ಮಾಡಬಾರದು ಅನ್ನೋ ಉದ್ದ ಪಟ್ಟಿ ಬಾಯಿಪಾಠ ಮಾಡೋ ಅಗತ್ಯ ಇಲ್ಲ, ಅರ್ಧ ನಿಮಗೇ ಹೊಳೆಯುತ್ತೆ.

ಮೊದ್ಲು ಈ ಕಾಯಿಲೆ ಎಲ್ಲಿಂದ ಬಂತು ಅಂತ ಚೂರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲಾಗಿ ಸತ್ವು, ಸುತ್ತಲಿನ ಹಳ್ಳಿಗಳಲ್ಲಿ ಜನಕ್ಕೂ ಜೋರು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವ್ರು ಬಂದು ನೋಡಿದ್ರು, ಅವ್ರಿಗೆ ಮೊದ್ಲು ಬಂದ ಭಯ ಹಳದಿ ಜ್ವರದ್ದು, ಯಾಕಂದ್ರೆ ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗ್ಲೂ ಮಂಗಗಳೇ ಮೊದ್ಲು ಸಾಯೋದು. ಪರೀಕ್ಷೆ ಮಾಡಿದ್ರೆ ಅದಲ್ಲ, ರಷ್ಯಾ ಕಡೆ ಉಣುಗಿನಿಂದ (ರಕ್ತ ಕುಡಿಯೋ ಉಣ್ಣೆ) ಬರೋ ಮೆದುಳು ಜ್ವರದ ವೈರಸ್‌ಗೆ ಸಂಬಂಧ ಇರೋ ಹೊಸದೊಂದು ವೈರಸ್ ಅಂತ ಗೊತ್ತಾಯ್ತು. ಕಾಡಿನ ಹೆಸ್ರೇ ಕಾಯಿಲೆಗೂ ಬಂತು, ಇಂಗ್ಲಿಷಲ್ಲಿ ಕೆಎಫ್‌ಡಿ ಅಂತಾರಲ್ಲ, ಅದ್ರಲ್ಲಿರೋ ಕೆ ನಮ್ಮ ಕ್ಯಾಸನೂರೇ. ಆಮೇಲೆ 1982-83ರಲ್ಲಿ ಬೆಳ್ತಂಗಡಿ ಕಡೆ ದೊಡ್ಡದಾಗಿ ಎದ್ದಿತ್ತು, 2018ರ ಕೊನೆಗೆ, 2019ರಲ್ಲಿ ನಮ್ಮ ಸಾಗರದ ಅರಳಗೋಡು ಸುತ್ತಮುತ್ತ ಎಷ್ಟು ಹೆದರಿಸ್ತು ಅಂತ ಆ ಕಡೆಯೋರಿಗೆ ನಾನು ಹೇಳ್ಬೇಕಿಲ್ಲ. ಈಗ ಕೇರಳ, ಗೋವಾ, ಮಹಾರಾಷ್ಟ್ರ, ತಮಿಳ್ನಾಡಿನ ಘಟ್ಟದಲ್ಲೂ ಇದೆ.

ಹೆಸ್ರಲ್ಲೇ ಒಂದು ಮೋಸ ಇದೆ ನೋಡಿ. ಮಂಗನ ಕಾಯಿಲೆ ಅಂತೀವಿ, ಆದ್ರೆ ಮಂಗ ಕಚ್ಚಿ ಬರಲ್ಲ, ಮಂಗ ಮುಟ್ಟಿದ ಹಣ್ಣಿಂದ ಬರಲ್ಲ. ಪಾಪ ಮಂಗಕ್ಕೂ ನಮ್ಮ ಹಾಗೇ ಉಣುಗು ಕಚ್ಚೇ ಬಂದಿರುತ್ತೆ, ಅದು ನಮಗಿಂತ ಬೇಗ ಸಾಯುತ್ತೆ ಅಷ್ಟೆ.

ವೈರಸ್ ಅಂದ್ರೆ ಏನು, ಮದುವೆ ಮನೆ ಲೆಕ್ಕದಲ್ಲಿ

ವೈರಸ್ ಅಂದ್ರೆ ಚಿಕ್ಕ ಹುಳ ಅಂತ ತುಂಬಾ ಜನ ಅನ್ಕೊಂಡಿದಾರೆ. ಹುಳ ಅಲ್ಲ, ಬ್ಯಾಕ್ಟೀರಿಯಾನೂ ಅಲ್ಲ. ಬ್ಯಾಕ್ಟೀರಿಯಾ ತಾನೇ ಉಣ್ಣುತ್ತೆ, ತಾನೇ ಬೆಳೆಯುತ್ತೆ, ತಾನೇ ಎರಡಾಗುತ್ತೆ, ಅದಕ್ಕೆ ಸ್ವಂತ ಮನೆ ಸ್ವಂತ ಅಡುಗೆ ಇದೆ. ವೈರಸ್‌ಗೆ ಅದ್ಯಾವ್ದೂ ಇಲ್ಲ. ಅದು ಒಂದು ಚೀಟಿ, ಚೀಟಿಗೊಂದು ಲಕೋಟೆ, ಅಷ್ಟೇ.

ಮದುವೆ ಮನೇಲಿ ಅಡುಗೆ ಭಟ್ರಿಗೆ ಚೀಟಿ ಬರ್ದು ಕೊಡ್ತೀವಲ್ಲ, ಇಷ್ಟು ಹೋಳಿಗೆ, ಇಷ್ಟು ಚಿತ್ರಾನ್ನ ಅಂತ. ನಮ್ಮ ಜೀವಕೋಶದ ಒಳಗೂ ಹಾಗೇ ಸಾವಿರಾರು ಭಟ್ರು ಇದಾರೆ, ರೈಬೋಸೋಮ್ ಅಂತ ಹೆಸ್ರು, ಅವ್ರ ಕೈಗೆ ಆರ್‌ಎನ್‌ಎ ಅನ್ನೋ ಚೀಟಿ ಬಂದ್ರೆ ಅದ್ರಲ್ಲಿ ಬರ್ದಿದ್ದ ಪ್ರೋಟೀನ್ ಮಾಡಿ ಇಡೋದು ಅವ್ರ ಕೆಲ್ಸ. ಭಟ್ರ ಒಂದೇ ದೋಷ ಏನಂದ್ರೆ ಚೀಟಿ ಯಾರು ಕೊಟ್ಟಿದ್ದು ಅಂತ ಕೇಳಲ್ಲ, ವರ್‍ನ ಕಡೆಯೋರೋ, ಕನ್ಯೆ ಕಡೆಯೋರೋ, ದಾರೀಲಿ ಹೋಗೋನೋ. ಮಂಗನ ಕಾಯಿಲೆ ವೈರಸ್ಸಿನ ಹೊಟ್ಟೇಲಿ ಇರೋದು ನೇರ ಭಟ್ರ ಕೈಗೇ ಕೊಡಬಹುದಾದ ಅಂಥ ಆರ್‌ಎನ್‌ಎ ಚೀಟಿ. ಅದ್ರಲ್ಲಿ ಸುಮಾರು 11 ಸಾವಿರ ಅಕ್ಷರ ಇದೆ. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರ ಇದಾವೆ, ಅಷ್ಟು ದೊಡ್ಡ ಗ್ರಂಥದ ಮನುಷ್ಯನ್ನ ಈ ಎರಡು ಪುಟದ ಚೀಟಿ ಮಂಚ ಹಿಡಿಸುತ್ತೆ ಅಂದ್ರೆ ಯೋಚ್ನೆ ಮಾಡಿ.

ಸೈಜು ಕೇಳಿದ್ರೆ ಸುಮಾರು 50 ನ್ಯಾನೋಮೀಟರ್, ಅಂದ್ರೆ 20 ಸಾವಿರ ವೈರಸ್ ಸಾಲಾಗಿ ನಿಲ್ಸಿದ್ರೆ 1 ಮಿಲಿಮೀಟರ್ ಆಗುತ್ತೆ. ಲಕೋಟೆ ಹೊರಗಡೆ ಕೊಬ್ಬಿನ ಪದರ, ಅದ್ರ ಮೇಲೆ ಪ್ರೋಟೀನ್ ಹೊದಿಕೆ. ಆ ಹೊದಿಕೆ ನಮ್ಮ ಕೋಶಕ್ಕೆ ಅಂಟ್ಕೊಳ್ಳುತ್ತೆ, ಕೋಶ ಏನೋ ಒಳ್ಳೇದು ಬಂತು ಅಂತ ಒಂದು ಚಿಕ್ಕ ಚೀಲದಲ್ಲಿ ಅದನ್ನ ಒಳಗೆ ತಗೊಳ್ಳುತ್ತೆ, ಚೀಲದೊಳಗೆ ಹುಳಿ ಜಾಸ್ತಿಯಾಗುತ್ತೆ, ನಮ್ಮ ಕೋಶ ಹುಳಿ ಮಾಡೋದು ಬಂದಿದ್ದನ್ನ ಕರಗಿಸಕ್ಕೆ, ಆದ್ರೆ ವೈರಸ್ ಕಾಯ್ತಿರೋದೇ ಆ ಹುಳಿಗೆ. ಹುಳಿ ತಗುಲಿದ ತಕ್ಷಣ ಹೊದಿಕೆ ಆಕಾರ ಬದ್ಲಾಗಿ ಲಕೋಟೆ ಚೀಲದ ಗೋಡೆಗೆ ಸೇರ್ಕೊಂಡು ಒಡೆಯುತ್ತೆ, ಚೀಟಿ ಅಡುಗೆ ಮನೆಗೆ ಬೀಳುತ್ತೆ. ನನಗಂತೂ ಇಡೀ ಕಥೇಲಿ ಅತಿ ಕಿಲಾಡಿ ಜಾಗ ಇದೇ ಅನ್ಸುತ್ತೆ.

ಆಮೇಲೆ ಭಟ್ರು ಚೀಟಿ ಓದಿ ಒಂದೇ ಒಂದು ಉದ್ದ ಪ್ರೋಟೀನ್ ಎಳೆ ಮಾಡ್ತಾರೆ, ಒತ್ತು ಶ್ಯಾವಿಗೆ ಬಿದ್ದ ಹಾಗೆ, ಅದನ್ನ ಕತ್ತರ್ಸಿದ್ರೆ 10 ಬೇರೆ ಬೇರೆ ಪ್ರೋಟೀನ್ ಆಗುತ್ತೆ. 3 ಲಕೋಟೆ ಕಟ್ಟಕ್ಕೆ, ಉಳಿದ 7 ಕೆಲ್ಸದಾಳುಗಳು. ಅದ್ರಲ್ಲೊಂದು ಚೀಟಿ ನಕಲು ಮಾಡೋ ಆಳು, ಅವ್ನು ಬರ್ದಿದ್ದನ್ನ ತಿದ್ದಲ್ಲ, ತಪ್ಪು ಆಗ್ತಾನೇ ಇರುತ್ತೆ, ವೈರಸ್ ಬದ್ಲಾಗ್ತಾ ಹೋಗೋದು ಹಾಗೆ. ಹೊಸ ಚೀಟಿ ಹೊಸ ಲಕೋಟೆ ಸೇರ್ಕೊಂಡು ಕೋಶದಿಂದ ಹೊರಗೆ ಬಂದು ಪಕ್ಕದ ಕೋಶಕ್ಕೆ. ಅಷ್ಟೇ ವೈರಸ್ಸಿನ ಜೀವನ.

ಇಷ್ಟು ಅರ್ಥ ಆದ್ರೆ ಒಂದು ಪ್ರಾಕ್ಟಿಕಲ್ ವಿಷ್ಯ ತಾನಾಗೇ ಗೊತ್ತಾಗುತ್ತೆ, ಆಂಟಿಬಯೋಟಿಕ್ ಯಾಕೆ ಕೆಲ್ಸ ಮಾಡಲ್ಲ ಅಂತ. ಆಂಟಿಬಯೋಟಿಕ್ ಹೊಡೆಯೋದು ಬ್ಯಾಕ್ಟೀರಿಯಾದ ಸ್ವಂತ ಮನೆ ಗೋಡೆಗೆ, ಅದ್ರ ಸ್ವಂತ ಅಡುಗೆ ಒಲೆಗೆ. ವೈರಸ್‌ಗೆ ಗೋಡೆನೂ ಇಲ್ಲ ಒಲೆನೂ ಇಲ್ಲ, ಅದು ಬಳಸ್ತಿರೋದು ನಮ್ಮ ಒಲೆ. ನಮ್ಮ ಚಿಕ್ಕಪ್ಪಂಗೆ ಜ್ವರ ಬಂದಾಗ ಮೆಡಿಕಲ್ ಶಾಪಿಂದ ಕೇಳ್ಕೊಂಡು ತಂದು 3 ದಿನ ಆಂಟಿಬಯೋಟಿಕ್ ನುಂಗಿದ್ರು, ಹೊಟ್ಟೆ ಕೆಟ್ಟಿದ್ದು ಬಿಟ್ರೆ ಏನೂ ಆಗ್ಲಿಲ್ಲ, 3 ದಿನ ಹೋಯ್ತು ಅದೇ ನಷ್ಟ. ಆದ್ರೆ ಇದನ್ನೇ ಹಿಡ್ಕೊಂಡು ಡಾಕ್ಟ್ರು ಕೊಟ್ಟ ಆಂಟಿಬಯೋಟಿಕ್ ಬಿಸಾಕ್ಬೇಡಿ ಮತ್ತೆ, ಮಲೆನಾಡಲ್ಲಿ ಇಲಿ ಜ್ವರ, ಸ್ಕ್ರಬ್ ಟೈಫಸ್ ಎರಡೂ ಇದೆ, ಶುರುವಲ್ಲಿ ಮಂಗನ ಕಾಯಿಲೆ ಹಾಗೇ ಕಾಣುತ್ತೆ, ಆದ್ರೆ ಅವು ಬ್ಯಾಕ್ಟೀರಿಯಾದ್ದು, ಅದಕ್ಕೆ ಆ ಮಾತ್ರೆನೇ ಬೇಕು. ಯಾವ್ದು ಅಂತ ಹೇಳ್ಬೇಕಿರೋದು ಟೆಸ್ಟು, ನಾವಲ್ಲ.

ಬೆಟ್ಟಕ್ಕೆ ಹೋಗೋ ಮುಂಚೆ: ವೈರಸ್ ಉಣುಗಿನ ಎಂಜಲಲ್ಲಿದೆ

ಉಣುಗಿಗೆ ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎಳೇದು, ಆಮೇಲೆ ಬಲಿತಿದ್ದು ಅಂತ ಹಂತ ಇದೆ, ಒಂದೊಂದು ಹಂತಕ್ಕೂ ಒಂದು ಹೊಟ್ಟೆ ತುಂಬ ರಕ್ತ ಬೇಕು. ಮಳೆಗಾಲ ಮುಗಿದ ಮೇಲೆ ಆರು ಕಾಲಿನ ಮರಿಗಳು ಕಾಡು ಇಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದರ ರಕ್ತ ಕುಡೀತಾವೆ, ಆ ಪ್ರಾಣಿ ರಕ್ತದಲ್ಲಿ ವೈರಸ್ ಇದ್ರೆ ಉಣುಗಿನ ಹೊಟ್ಟೆಗೆ ಹೋಗಿ, ಅಲ್ಲಿಂದ ಎಂಜಲು ಗ್ರಂಥಿಗೆ ಸೇರ್ಕೊಳ್ಳುತ್ತೆ. ಉಣುಗಿಗೆ ಜ್ವರ ಗಿರ ಏನಿಲ್ಲ, ಆರಾಮಾಗಿ ಇರುತ್ತೆ, ಪೊರೆ ಬಿಟ್ಟು ಎಂಟು ಕಾಲಿಂದಾದ್ರೂ ವೈರಸ್ ಒಳಗೇ ಇರುತ್ತೆ. ಈ ಎಂಟು ಕಾಲಿನ ಎಳೇ ಉಣುಗು ತರಗೆಲೆ ಮೇಲೆ ತುಂಬೋದು ಹೆಚ್ಚುಕಮ್ಮಿ ನವೆಂಬರ್-ಡಿಸೆಂಬರಿಂದ ಮೇ ತನಕ, ನಾವು ದರಕು ಗುಡ್ಸಕ್ಕೆ, ಸೌದೆ ತರಕ್ಕೆ, ಸೊಪ್ಪು ಕಡಿಯಕ್ಕೆ ಹೋಗೋದೂ ಅದೇ ತಿಂಗ್ಳು. ಕಾಯಿಲೆಗೆ ಸೀಸನ್ ಇರೋದು ಇದಕ್ಕೇ, ಬಿಸಿಲಿಂದ ಅಲ್ಲ.

ಇನ್ನೊಂದು, ದನದ ಕಿವೀಲಿ ಅವರೆಕಾಳಿನ ಹಾಗೆ ಊದ್ಕೊಂಡಿರೋ ಉಣುಗು ನೋಡಿ ಅದನ್ನೇ ಹುಡುಕ್ಬೇಡಿ ಮೈಮೇಲೆ. ನಮಗೆ ಕಚ್ಚೋ ಎಳೇದು ಎಳ್ಳಿಗಿಂತ ಚಿಕ್ಕದು, ಮಚ್ಚೆ ಅನ್ಕೊಂಡು ಬಿಟ್ಬಿಡ್ತೀರಿ.

ಹಾಗಾಗಿ ತಿಳಿ ಬಣ್ಣದ ಬಟ್ಟೆ ಹಾಕಿ, ಕಪ್ಪು ಚುಕ್ಕೆ ಹತ್ತೋದು ಕಾಣ್ಲಿ ಅಂತ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಹೋಗ್ಲಿ, ಉಣುಗು ಹಾರಲ್ಲ ಬೀಳಲ್ಲ, ಕೆಳಗಿಂದ ಹತ್ಕೊಂಡೇ ಬರೋದು. ಲುಂಗಿ ಮೇಲೆ ಕಟ್ಕೊಂಡು ಹೋಗೋರಿಗೆ, ಸೀರೆ ಎತ್ತಿ ಸಿಗಿಸ್ಕೊಂಡು ಹೋಗೋ ಅಮ್ಮಂದಿರಿಗೆ ಇದು ರೇಜಿಗೆ ಅಂತ ಗೊತ್ತು, ಒಳಗೆ ಹಳೇ ಪ್ಯಾಂಟು ಹಾಕ್ಕೊಂಡು ಮೇಲೆ ಸೀರೆ ಉಡಿ, ಯಾರು ನೋಡ್ತಾರೆ ಬೆಟ್ಟದಲ್ಲಿ. ಆಶಾದವ್ರು, ಆಸ್ಪತ್ರೆಯವ್ರು ಕೊಡೋ ಡೆಪಾ ಎಣ್ಣೆನ ಕೈ, ಕಾಲು, ಕುತ್ತಿಗೆಗೆ ಹಚ್ಕೊಳ್ಳಿ, ಕಣ್ಣು ಬಾಯಿ ಗಾಯದ ಹತ್ರ ಬೇಡ, ಬೆವರಿ ಹೋದ್ರೆ ಮತ್ತೆ ಹಚ್ಬೇಕು. ಈ ಎಣ್ಣೆ ವೈರಸ್ಸನ್ನ ಏನೂ ಮಾಡಲ್ಲ, ಉಣುಗನ್ನ ಓಡ್ಸುತ್ತೆ ಅಷ್ಟೆ, ಅದಕ್ಕೇ ಬಂದ ಮೇಲೆ ಹಚ್ಕೊಂಡ್ರೆ ಪ್ರಯೋಜನ ಇಲ್ಲ. ಊಟಕ್ಕೆ ಅಂತ ತರಗೆಲೆ ಮೇಲೆ ಕೂರೋದು, ಮಧ್ಯಾಹ್ನ ಅಲ್ಲೇ ಮಲ್ಗೋದು ಬೇಡ್ವೇ ಬೇಡ.

ಲಸಿಕೆ ಕೇಳ್ತೀರಿ ಅಂತ ಗೊತ್ತು. ಮುಂಚೆ ಕೊಡ್ತಿದ್ರಲ್ಲ, ಎರಡು ಡೋಸು, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್, ಅದು ಸತ್ತ ವೈರಸ್ಸಿಂದ ಮಾಡಿದ್ದು, ಅದ್ರ ರಕ್ಷಣೆ ಸಾಲ್ತಿಲ್ಲ ಅಂತ ಕಂಡುಬಂದು 2022ರಲ್ಲಿ ನಿಲ್ಸಿದ್ರು. ಹೊಸದು ತಯಾರು ಮಾಡೋ ಕೆಲ್ಸ ನಡೀತಿದೆ. ಅಲ್ಲಿ ತನಕ ಸಾಕ್ಸೇ ಲಸಿಕೆ.

ಮನೆಗೆ ಬಂದ ಮೇಲೆ

ಬಟ್ಟೆ ಹೊರಗೇ ಬಿಚ್ಚಿ, ಬಿಸಿನೀರಿಗೆ ಹಾಕಿ, ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತಿಕ್ಕಿ ಸ್ನಾನ. ಕೋವಿಡ್ ಟೈಮಲ್ಲಿ ಸೋಪು ಯಾಕೆ ಅಂತ ಎಲ್ಲರೂ ಕಲ್ತಿದ್ವಿ, ವೈರಸ್ಸಿನ ಕೊಬ್ಬಿನ ಲಕೋಟೆ ಸೋಪಿಗೆ ಕರಗುತ್ತೆ ಅಂತ. ಇದ್ರ ಲಕೋಟೆನೂ ಕರಗುತ್ತೆ, ಆದ್ರೆ ಇಲ್ಲಿ ವಿಷ್ಯ ಅದಲ್ಲ, ಈ ವೈರಸ್ ಕೈಯಲ್ಲಿ ಹತ್ಕೊಂಡು ಬರೋದಲ್ಲ, ನಾವು ತಿಕ್ಕೋದು ಉಣುಗು ಉದುರ್ಲಿ ಅಂತ. ಅದಕ್ಕೆ ಕೈಗಿಂತ ಮೊಣಕಾಲ ಹಿಂದೆ, ಕಂಕುಳು, ತೊಡೆ ಸಂದು, ಸೊಂಟದ ದಾರದ ಕೆಳಗೆ, ಕಿವಿ ಹಿಂದೆ, ತಲೆಕೂದಲು ಇವನ್ನ ನೋಡ್ಕೊಳ್ಳಿ, ಬೆನ್ನು ಬೇರೆಯೋರ ಹತ್ರ ನೋಡ್ಸಿ.

ಕಚ್ಕೊಂಡಿದ್ದು ಕಂಡ್ರೆ ನಮ್ಮ ಕಡೆ ಮೊದ್ಲು ಮಾಡೋದು ಸೀಮೆಎಣ್ಣೆ ಹಾಕೋದು, ಸುಣ್ಣ ಮೆತ್ತೋದು, ಬೀಡಿ ತುದಿ ತಾಗ್ಸೋದು. ಮಾಡ್ಬೇಡಿ. ವೈರಸ್ ಎಲ್ಲಿದೆ ಅಂದೆ? ಎಂಜಲಲ್ಲಿ. ಉಣುಗಿಗೆ ಉರಿ ಕೊಟ್ರೆ ಅದು ಬಿಡೋ ಮುಂಚೆ ಇನ್ನಷ್ಟು ಎಂಜಲು ಒಳಗೆ ಕಾರ್ಬೋದು. ಚೂಪು ತುದಿಯ ಚಿಮುಟ ತಗೊಂಡು ಚರ್ಮಕ್ಕೆ ತಾಗಿ ತಲೆ ಹತ್ರ ಹಿಡಿದು, ತಿರುಚದೆ, ನಿಧಾನಕ್ಕೆ ನೇರ ಮೇಲಕ್ಕೆ ಎಳೀರಿ. ಉಗುರಲ್ಲಿ ಚಟ್ ಅಂತ ಒಡೆಯೋ ಚಪಲ ಬೇಡ, ಒಳಗಿನ ರಸ ಬೆರಳಿನ ಗಾಯಕ್ಕೆ ಹೋಗುತ್ತೆ, ಸ್ಪಿರಿಟ್ಟಿಗೆ ಹಾಕಿ ಇಲ್ಲ ಅಂದ್ರೆ ಬೆಂಕಿಗೆ ಹಾಕಿ. ಆ ಜಾಗ ಸೋಪಲ್ಲಿ ತೊಳೀರಿ. ಮತ್ತೆ ಮುಖ್ಯವಾದ್ದು, ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಆ ತಾರೀಕಿಗೆ ಒಂದು ಸುತ್ತು ಹಾಕಿ. ಉಣುಗು ಕಚ್ಚಿದ್ದೆಲ್ಲಾ ಕಾಯಿಲೆ ಆಗಲ್ಲ, ಬಹುಪಾಲು ಉಣುಗಲ್ಲಿ ವೈರಸ್ಸೇ ಇರಲ್ಲ, ಆದ್ರೆ ಆಮೇಲೆ ಡಾಕ್ಟ್ರು ಯಾವಾಗ ಕಾಡಿಗೆ ಹೋಗಿದ್ರಿ ಅಂತ ಕೇಳಿದಾಗ ಹೋದ ವಾರ ಇರ್ಬೇಕು ಅಂತ ತಲೆ ಕೆರ್ಕೊಳ್ಳೋದು ತಪ್ಪುತ್ತೆ.

ಜ್ವರ ಬಂದ್ರೆ: ಈಗ ವೈರಸ್ ರಕ್ತದಲ್ಲಿದೆ

ಕಚ್ಚಿ 3ರಿಂದ 8 ದಿನ ಏನೂ ಗೊತ್ತಾಗಲ್ಲ. ಆ ದಿನಗಳಲ್ಲಿ ಒಳಗೆ ಚೀಟಿ ನಕಲು ನಡೀತಿರುತ್ತೆ. ವೈರಸ್ ನುಗ್ಗಿದ ಕೋಶ ಸುಮ್ನೆ ಕೂರಲ್ಲ, ನಮ್ಮನೆಗೆ ಕಳ್ಳ ಬಂದ, ನೀವು ಬಾಗ್ಲು ಹಾಕ್ಕೊಳಿ ಅಂತ ಪಕ್ಕದ ಕೋಶಗಳಿಗೆ ಸುದ್ದಿ ಕಳ್ಸುತ್ತೆ, ಆ ಸುದ್ದಿಗೆ ಇಂಟರ್‌ಫೆರಾನ್ ಅಂತಾರೆ. ಚೀಟಿ ನಕಲು ಮಾಡೋ ಆಳು ಇದಾನಲ್ಲ, ಅವ್ನೇ ಈ ಸುದ್ದಿ ಕೇಳೋ ತಂತಿನೂ ಕತ್ತರಿಸ್ತಾನೆ, ಒಂದೇ ಸಂಬಳಕ್ಕೆ ಎರಡು ಕೆಲ್ಸ. ಹಾಗಾಗಿ ದೇಹಕ್ಕೆ ಎಚ್ಚರ ಆಗೋ ಹೊತ್ತಿಗೆ ರಕ್ತದ ತುಂಬ ವೈರಸ್ಸು.

ಎಚ್ಚರ ಆದ್ಮೇಲೆ ಒಂದೇ ಸಲ ಎಲ್ಲಾ ಶುರು. ಬೆಳಗ್ಗೆ ಚೆನ್ನಾಗಿದ್ದೋರು ಸಂಜೆಗೆ ಚಳಿ, ಜೋರು ಜ್ವರ, ಹಣೆ ಒಡೆಯೋ ತಲೆನೋವು, ಸೊಂಟ ಮೀನಖಂಡ ಎಲ್ಲಾ ನೋವು, ವಾಂತಿ, ಕಣ್ಣು ಕೆಂಪು, ಏಳಕ್ಕೆ ಆಗ್ದಷ್ಟು ಸುಸ್ತು. ಇದ್ರಲ್ಲಿ ಜ್ವರ, ಮೈಕೈ ನೋವಿನ ದೊಡ್ಡ ಪಾಲು ವೈರಸ್ ನೇರ ಮಾಡಿದ್ದಲ್ಲ, ನಮ್ಮ ರಕ್ಷಣಾ ಪಡೆ ಯುದ್ಧ ಸಾರಿದ ಗಲಾಟೆ. ಜೊತೆಗೆ ಬಿಳಿ ರಕ್ತಕಣ, ಪ್ಲೇಟ್ಲೆಟ್ ಎರಡೂ ಇಳಿಯುತ್ತೆ, ಪ್ಲೇಟ್ಲೆಟ್ ಅಂದ್ರೆ ರಕ್ತ ಸೋರೋ ಕಡೆ ಮುಚ್ಚೋ ಕಣ, ಅದು ಕಮ್ಮಿಯಾದಾಗ ಕೆಲವ್ರಿಗೆ ಮೂಗು, ಒಸಡು, ಹೊಟ್ಟೆ ಒಳಗಿಂದ ರಕ್ತ ಹೋಗುತ್ತೆ. ಅದಕ್ಕೇ ಮೈಕೈ ನೋವು ಅಂತ ಬ್ರೂಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ತಗೋಬಾರ್ದು, ಇವು ರಕ್ತ ಹೆಪ್ಪುಗಟ್ಟೋದಕ್ಕೆ ಇನ್ನೂ ಅಡ್ಡಿ. ಡಾಕ್ಟ್ರು ಹೇಳಿದಷ್ಟು ಪ್ಯಾರಾಸಿಟಮಾಲ್, ಆಮೇಲೆ ಗಂಜಿ, ಎಳನೀರು, ಓಆರ್‌ಎಸ್, ಬಾಯಲ್ಲಿ ನಿಲ್ಲದಿದ್ರೆ ಡ್ರಿಪ್. ಈ ವೈರಸ್ಸನ್ನೇ ಕೊಲ್ಲೋ ಔಷಧಿ ಅಂತ ಇಲ್ಲ, ಹಾಗಂತ ಆಸ್ಪತ್ರೆಗೆ ಹೋಗಿ ಏನ್ ಪ್ರಯೋಜನ ಅನ್ಬೇಡಿ, ದೇಹ ಯುದ್ಧ ಮುಗ್ಸೋ ತನಕ ನೀರು, ಬಿಪಿ, ರಕ್ತ ನೋಡ್ಕೊಂಡು ಜೀವ ಹಿಡಿದಿಡೋದೇ ಚಿಕಿತ್ಸೆ. ಬಂದೋರಲ್ಲಿ ನೂರಕ್ಕೆ 3ರಿಂದ 5 ಜನ ಸಾಯ್ತಾರೆ, ತಡ ಮಾಡೋ ಕಾಯಿಲೆ ಅಲ್ಲ ಇದು.

ಟೆಸ್ಟ್ ವಿಷ್ಯದಲ್ಲಿ ತುಂಬಾ ಗೊಂದಲ. ಮೊದಲ ಕೆಲವು ದಿನ ವೈರಸ್ ರಕ್ತದಲ್ಲಿ ಓಡಾಡ್ತಿರುತ್ತೆ, ಆಗ ಚೀಟಿಯನ್ನೇ ಹುಡುಕೋ ಆರ್‌ಟಿ-ಪಿಸಿಆರ್ ಸರಿ. ಸುಮಾರು 5 ದಿನ ಆದ್ಮೇಲೆ ನಮ್ಮ ದೇಹ ಮಾಡಿದ ಆಂಟಿಬಾಡಿ ಕಾಣ್ಸಕ್ಕೆ ಶುರು, ಆಗ ಐಜಿಎಂ ಟೆಸ್ಟು. ಅಂದ್ರೆ ಜ್ವರ ಬಂದ ಎರಡನೇ ದಿನ ಐಜಿಎಂ ಮಾಡ್ಸಿ ನೆಗೆಟಿವ್ ಬಂತು, ಬಚಾವ್ ಅಂತ ಮತ್ತೆ ತೋಟಕ್ಕೆ ಇಳಿಬೇಡಿ, ಆಂಟಿಬಾಡಿ ಇನ್ನೂ ಹುಟ್ಟೇ ಇರಲ್ಲ. ಡೆಂಗಿ ವೈರಸ್ಸೂ ಇದೂ ಒಂದೇ ಕುಟುಂಬ, ದಾಯಾದಿಗಳು, ಒಬ್ರ ಆಂಟಿಬಾಡಿ ಇನ್ನೊಬ್ರ ಟೆಸ್ಟಲ್ಲಿ ಗೊಂದಲ ಮಾಡ್ಬೋದು. ಅದಕ್ಕೆ ಡಾಕ್ಟ್ರ ಹತ್ರ ಕೂತ ತಕ್ಷಣ ಹೇಳ್ಬೇಕಾದ ಮೊದಲ ಮಾತು ಜ್ವರ ಎಷ್ಟು ಅಂತಲ್ಲ, "ಡಾಕ್ಟ್ರೇ, ಇಂಥ ತಾರೀಕಿಗೆ ಬೆಟ್ಟಕ್ಕೆ ಹೋಗಿದ್ದೆ, ನಮ್ಮೂರ ಹತ್ರ ಮಂಗ ಸತ್ತಿದೆ" ಅಂತ. ಮಣಿಪಾಲಕ್ಕೋ ಬೆಂಗ್ಳೂರಿಗೋ ಹೋಗಿದ್ರಂತೂ ಇದನ್ನ ಹೇಳ್ಲೇಬೇಕು, ಬೆಂಗ್ಳೂರಲ್ಲಿ ಕೂತ ಡಾಕ್ಟ್ರಿಗೆ ಹಬ್ಬಕ್ಕೆ ಊರಿಗೆ ಹೋಗಿ ದರಕು ಹೊತ್ತಿದ್ದು ಹೇಗೆ ಗೊತ್ತಾಗ್ಬೇಕು.

ಮನೇಲಿ ಒಬ್ರಿಗೆ ಬಂದ್ರೆ ಉಳಿದೋರು ಹೆದರ್ಬೇಕಿಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ತಟ್ಟೆ ಲೋಟ ಬೇರೆ ಇಡೋದು, ಆ ಮನೆಗೆ ಯಾರೂ ಹೋಗ್ದಿರೋದು, ಇವೆಲ್ಲ ಆ ಮನೆಯೋರ ಮನಸ್ಸು ನೋಯ್ಸೋದು ಬಿಟ್ರೆ ಏನಿಲ್ಲ. ಹಸುವಿನ ಹಾಲಿಂದ ಬರುತ್ತೆ ಅನ್ನೋದಕ್ಕೂ ಆಧಾರ ಇಲ್ಲ. ಆದ್ರೆ ದನ ಕಾಡಿಗೆ ಹೋಗಿ ಬಲಿತ ಉಣುಗಿಗೆ ಊಟ ಹಾಕುತ್ತೆ, ಉಣುಗಿನ ಸಂಖ್ಯೆ ಏರೋದು ಹಾಗೆ, ಪಶು ಡಾಕ್ಟ್ರ ಹತ್ರ ದನಕ್ಕೆ ಉಣುಗಿನ ಔಷಧಿ ಕೇಳಿ ಹಾಕ್ಸಿ, ಕೊಟ್ಟಿಗೆಗೆ ಆ ಜಾಗದ ದರಕು ತರ್ಬೇಡಿ.

ಮಂಗ ಸತ್ತಿದ್ದು ಕಂಡ್ರೆ

ಹತ್ರ ಹೋಗ್ಬೇಡಿ, ಹೂಳಕ್ಕೆ ಹೋಗ್ಬೇಡಿ, ಫೋಟೋಗೂ ಬೇಡ. ಮಂಗ ಮರದ ಮೇಲಿದ್ದಾಗ ಅದ್ರ ಮೈ ತುಂಬ ಉಣುಗು ಇರುತ್ತೆ, ಮಂಗ ಸತ್ತು ಮೈ ತಣ್ಣಗಾದ್ರೆ ಉಣುಗು ಅಲ್ಲೇ ಇಳಿದು ಸುತ್ತ ಚೆಲ್ಲಾಡ್ತಾವೆ, ವೈರಸ್ ತುಂಬ್ಕೊಂಡೇ. ಇಡೀ ಬೆಟ್ಟದಲ್ಲಿ ಅಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಊರ ಆಶಾಗೋ, ಪಿಎಚ್‌ಸಿಗೋ, ಪಂಚಾಯ್ತಿಗೋ, ಫಾರೆಸ್ಟಿನೋರಿಗೋ ಫೋನ್ ಮಾಡಿ, ಅವ್ರು ಬಂದು ಸ್ಯಾಂಪಲ್ ತಗೊಂಡು, ಸುತ್ತ 50 ಅಡಿ ತನಕ ಉಣುಗು ಕೊಲ್ಲೋ ಮೆಲಾಥಿಯಾನ್ ಪುಡಿ ಹೊಡೀತಾರೆ. ದನದ ದಾರಿ ಅಲ್ಲೇ ಇದ್ರೆ ಬದ್ಲಿಸಿ. ಊರಿನ ಗ್ರೂಪಲ್ಲಿ ಯಾವ ದಿಬ್ಬದ ಹತ್ರ ಅಂತ ಜಾಗ ಸರಿಯಾಗಿ ಹಾಕಿ, ಸುಮ್ನೆ ಮಂಗ ಸತ್ತಿದೆಯಂತೆ ಅಂತ ಹಾಕಿದ್ರೆ ಗಾಬರಿ ಮಾತ್ರ ಹರಡುತ್ತೆ.

ಇಳಿದ ಜ್ವರ ಮತ್ತೆ ಬಂದ್ರೆ

ಇದನ್ನ ಕೊನೆಗಿಟ್ಟಿದ್ದು ಯಾಕಂದ್ರೆ ಇದನ್ನೇ ಎಲ್ಲರೂ ಮರೆಯೋದು. ಒಂದು ವಾರ, ಹೆಚ್ಚಂದ್ರೆ ಎರಡು ವಾರದಲ್ಲಿ ಬಹುತೇಕರಿಗೆ ಜ್ವರ ಇಳಿಯುತ್ತೆ. ಒಂದೆರಡು ವಾರ ಆರಾಮ. ಆಮೇಲೆ ನೂರರಲ್ಲಿ ಹತ್ತಿಪ್ಪತ್ತು ಜನಕ್ಕೆ ಮತ್ತೆ ಜ್ವರ ಏರುತ್ತೆ, ಈ ಸಲ ಮೆದುಳಿನ ಕಡೆಯ ಲಕ್ಷಣ, ತಲೆನೋವು, ಕುತ್ತಿಗೆ ಬಿಗಿಯೋದು, ಕೈ ನಡುಕ, ಕಣ್ಣು ಮಂಜು, ಮಾತು ಅಡ್ಡಾದಿಡ್ಡಿ. ಮೇಲೆ ಹೇಳಿದ್ನಲ್ಲ, ರಷ್ಯಾದ ಮೆದುಳು ಜ್ವರದ ಸಂಬಂಧಿ ಅಂತ, ಕುಟುಂಬದ ಗುಣ. ಕಾಯಿಲೆ ಮುಗೀತು, ಇದು ಬಿಸಿಲಿಗೋ ನಿಶ್ಶಕ್ತಿಗೋ ಅಂತ ಮನೇಲಿ ಮಲಗಿಸ್ಕೋಬೇಡಿ, ಅದೇ ಆಸ್ಪತ್ರೆಗೆ ಹಳೇ ರಿಪೋರ್ಟ್ ಸಮೇತ ಅವತ್ತೇ ಹೋಗಿ. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಲೆ ಸುಸ್ತು ಇರುತ್ತೆ, ಕೊಯ್ಲಿನ ಟೈಮು ಅಂತ ಅವ್ರನ್ನ ದೋಟಿ ಹಿಡ್ಸಿ ಮರದ ಬುಡಕ್ಕೆ ಕಳಿಸ್ಬೇಡಿ, ಅಡಿಕೆ ಸುಲಿಯೋ ಕಡೆ ಕೂರ್ಸಿ ಬೇಕಾದ್ರೆ, ಅದೂ ಅವ್ರಿಗೆ ಕೂರಕ್ಕಾದ್ರೆ. ಕ್ಯಾಲೆಂಡರಲ್ಲಿ ಉಣುಗು ಕಚ್ಚಿದ ದಿನಕ್ಕೆ ಸುತ್ತು ಹಾಕಿದ್ರಲ್ಲ, ಜ್ವರ ಬಿಟ್ಟ ದಿನಕ್ಕೂ ಒಂದು ಸುತ್ತು ಹಾಕಿ, ಅಲ್ಲಿಂದ ಮೂರು ವಾರ ಅವ್ರ ಮೇಲೆ ಒಂದು ಕಣ್ಣಿರ್ಲಿ.